ನಿಧಾನ ಪ್ರೇಮ, ಒಳಗೊಳಗೇ ಭಯ: ನೆರೆಮನೆಯ ಇಬ್ಬರ ಮೇಲೆ ಕಾದಂಬರಿ ಬರೆಯುವುದು ಹೇಗೆ

ಪಕ್ಕದ ಮನೆಯವರ ಬಗ್ಗೆ ನಮಗೆ ಎಷ್ಟೆಲ್ಲ ಗೊತ್ತಿರುತ್ತದೆ ಅಲ್ವಾ? ದೀಪ ಎಷ್ಟು ಹೊತ್ತಿಗೆ ಆರುತ್ತದೆ, ಬಚ್ಚಲೊಲೆಯ ಹೊಗೆ ಯಾವಾಗ ಏಳುತ್ತದೆ, ರಾತ್ರಿ ಕೆಮ್ಮಿದ್ದು ಯಾರು, ಎಲ್ಲಾ ಗೊತ್ತು. ಅವರ ಜೊತೆ ಕೂತು ಹತ್ತು ನಿಮಿಷ ಮಾತಾಡಿರುವುದಿಲ್ಲ, ಆದರೂ ಗೊತ್ತು. ಪ್ರೇಮ, ರಹಸ್ಯ ಎರಡೂ ಇರುವ ಕಾದಂಬರಿಗೆ ನೆರೆಮನೆ ಹೇಳಿ ಮಾಡಿಸಿದ ಜಾಗ ಆಗುವುದು ಇದೇ ಕಾರಣಕ್ಕೆ. ಕಿಟಕಿಯಿಂದ ಆಚೆ ಮನೆಯ ಕಡೆ ನೋಡುವುದು ಅನುಮಾನವೂ ಆಗಬಹುದು, ಕಾಳಜಿಯೂ ಆಗಬಹುದು. ಆ ನೋಟದ ಅರ್ಥವನ್ನು ಮೆಲ್ಲಗೆ ಬದಲಾಯಿಸುತ್ತಾ ಹೋಗುವುದೇ ಇಡೀ ಕಾದಂಬರಿಯ ಕೆಲಸ.

ಇಲ್ಲಿ ನಾನು ಹೇಳುತ್ತಿರುವುದು ಇಬ್ಬರು ಪೆಟ್ಟು ತಿಂದ ಮನುಷ್ಯರ ಕಥೆ. ಇಬ್ಬರೂ ಯಾರನ್ನೂ ಬೇಗ ನಂಬುವವರಲ್ಲ. ಪ್ರೀತಿ ನಿಧಾನಕ್ಕೆ ಕಾವೇರಬೇಕು. ಜೊತೆಗೆ, ಹಿಂದೆ ಏನೋ ಕೆಟ್ಟದ್ದು ನಡೆದಿದೆ, ಅದಿನ್ನೂ ಮುಗಿದಿಲ್ಲ ಎಂಬ ಭಯವೂ ಇರಬೇಕು. ಬರೀ ಸೂತ್ರ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ಕಥೆಯನ್ನೇ ಬುಡದಿಂದ ಕಟ್ಟುತ್ತಾ ಹೋಗೋಣ. ಜನ ಕಲ್ಪನೆಯವರು, ಊರು ನಿಜದ್ದು.

ಹೆಜ್ಜೆ 1: ಪಾತ್ರಕ್ಕೂ ಮೊದಲು ಜಾಗ

ಪಾತ್ರ ಮೊದಲು ಹುಟ್ಟಬೇಕು ಅಂತ ಹೇಳುವವರು ಬಹಳ. ಈ ಬಗೆಯ ಕಾದಂಬರಿಗೆ ನನಗೆ ಅದು ಒಪ್ಪಿಗೆಯಿಲ್ಲ. ಇಬ್ಬರು ಒಬ್ಬರಿಂದೊಬ್ಬರು ತಪ್ಪಿಸಿಕೊಳ್ಳಲು ಆಗದಂಥ ಜಾಗ ಮೊದಲು ಬೇಕು.

ನಮ್ಮ ಕಥೆಗೆ ಶರಾವತಿ ಹಿನ್ನೀರಿನ ತುಮರಿ ಕಡೆಯ ಒಂದು ಹಳ್ಳಿ ಇಟ್ಟುಕೊಳ್ಳೋಣ. ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತ ಮೇಲೆ ಈ ಭಾಗ ಹೆಚ್ಚುಕಡಿಮೆ ದ್ವೀಪವಾಯಿತು. ಸಾಗರ ಪೇಟೆಗೆ ಹೋಗಬೇಕಾದರೆ ಹೊಳೆಬಾಗಿಲಿನ ಲಾಂಚ್ ಹತ್ತಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಉದ್ಘಾಟನೆ ಆಗುವವರೆಗೂ ಇದೇ ಪಾಡು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಕಾಡಿನ ಸುತ್ತು ದಾರಿಯೇ ಗತಿ. ದೊಡ್ಡ ಆಸ್ಪತ್ರೆ, ಪೊಲೀಸ್, ನೆಂಟರು ಎಲ್ಲಾ ನೀರಿನ ಆಚೆ. ರಹಸ್ಯದ ಕಥೆ ಬರೆಯುವವರಿಗೆ ಇದಕ್ಕಿಂತ ಏನು ಬೇಕು?

ಕಥೆಯ ಕಾಲ 2016ರ ಮಳೆಗಾಲದಿಂದ 2017ರ ಮಳೆಗಾಲದವರೆಗೆ. ಸುಮ್ನೆ ಆರಿಸಿದ ವರ್ಷ ಅಲ್ಲ. 2016ರಲ್ಲಿ ರಾಜ್ಯದಲ್ಲಿ ಮಳೆ ಕೈಕೊಟ್ಟಿತ್ತು. ಲಿಂಗನಮಕ್ಕಿಯ ಗರಿಷ್ಠ ಮಟ್ಟ 1819 ಅಡಿ. ಬರದ ವರ್ಷದ ಬೇಸಿಗೆಯಲ್ಲಿ ನೀರು ತೀರಾ ಕೆಳಗಿಳಿದು, ಮುಳುಗಿದ ಹಳೆಯ ರಸ್ತೆ, ಮರದ ಬೊಡ್ಡೆ ಎಲ್ಲಾ ಮೇಲೆ ಕಾಣುತ್ತವೆ. ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟೇ ಎದ್ದು ನಿಲ್ಲುತ್ತದೆ. ಅಣೆಕಟ್ಟೇ ಮೇಲೆ ಬರುವುದಾದರೆ, ಯಾರೋ ರಾತ್ರೋರಾತ್ರಿ ನೀರಿಗೆ ತಳ್ಳಿದ ಒಂದು ಬೈಕ್ ಬಾರದೇ ಇರುತ್ತದೆಯೇ? ನೋಡಿ, ಜಾಗವೇ ಕಥೆ ಕೊಟ್ಟುಬಿಟ್ಟಿತು.

ನಿಮ್ಮ ಜಾಗ ಬೇರೆ ಇರಬಹುದು. ಮೈಸೂರಿನ ವಠಾರ, ಗದಗದ ಓಣಿ, ಬೆಂಗಳೂರಿನ ಅಪಾರ್ಟ್‌ಮೆಂಟ್, ಯಾವುದಾದರೂ ಆದೀತು. ಅಪಾರ್ಟ್‌ಮೆಂಟ್ ಆದರೆ ಒಂದು ಎಚ್ಚರ. ಗೇಟಿನಲ್ಲಿ ಸೆಕ್ಯುರಿಟಿ, ಲಿಫ್ಟಿನಲ್ಲಿ ಕ್ಯಾಮೆರಾ, ಬಂದವರಿಗೆಲ್ಲ ಆ್ಯಪ್‌ನಲ್ಲಿ ಎಂಟ್ರಿ. ಗುಟ್ಟು ಉಳಿಸಿಕೊಳ್ಳುವುದು ಕಷ್ಟ, ಅದಕ್ಕೆ ಮೊದಲೇ ದಾರಿ ಹುಡುಕಿಟ್ಟುಕೊಳ್ಳಿ.

ಈಗ ಒಂದು ಹಾಳೆ ತಗೊಂಡು ನಕ್ಷೆ ಬರೆಯಿರಿ. ಎರಡು ಮನೆ, ಮಧ್ಯೆ ಅಡಿಕೆ ತೋಟ, ಬೇಲಿಗೆ ಒಂದು ದಣಪೆ, ಅಂದರೆ ದಾಟಿ ಹೋಗುವ ಕಿರುಬಾಗಿಲು. ಮೇಲೆ ಗುಡ್ಡ, ಗುಡ್ಡದಲ್ಲಿ ಅಬ್ಬಿ ಎಂಬ ನೀರಿನ ಒರತೆ, ಅಲ್ಲಿಂದ ಎರಡೂ ಮನೆಗೆ ಕಪ್ಪು ಪೈಪಿನಲ್ಲಿ ನೀರು. ಕೆಳಗೆ ಹಿನ್ನೀರು. ಯಾರ ಕಿಟಕಿಯಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ, ಶಬ್ದ ಎಲ್ಲಿವರೆಗೆ ಕೇಳುತ್ತದೆ, ಮೊಬೈಲ್ ಸಿಗ್ನಲ್‌ಗೆ ಎಲ್ಲಿ ಹತ್ತಬೇಕು, ಎಲ್ಲಾ ಗುರುತು ಹಾಕಿ. ಕಾದಂಬರಿ ಮುಗಿಯುವವರೆಗೆ ಈ ಹಾಳೆ ಮೇಜಿನ ಮೇಲಿರಲಿ.

ಹೆಜ್ಜೆ 2: ಗಾಯಕ್ಕೆ ಕಥೆಯಲ್ಲಿ ಕೆಲಸ ಕೊಡಿ

ಭಾಗೀರಥಿಗೆ ಮೂವತ್ತಾರು. ಗಂಡ 2010ರ ಜುಲೈನಲ್ಲಿ ಒಂದು ರಾತ್ರಿ ಬೈಕ್ ಹತ್ತಿ ಹೋದವನು ವಾಪಸ್ ಬರಲಿಲ್ಲ. ಮಕ್ಕಳಿಲ್ಲ, ಅತ್ತೆ ತೀರಿಕೊಂಡಿದ್ದಾರೆ. ವರ್ಷಕ್ಕೊಬ್ಬರಾದರೂ ಬಂದು ‘ಧರ್ಮಸ್ಥಳದಲ್ಲಿ ನೋಡಿದ ಹಾಗಾಯ್ತು’ ಅಂತ ಹೇಳಿ ಹೋಗುತ್ತಾರೆ. ಆಕೆ ಕುಂಕುಮ ಇಟ್ಟರೂ ಮಾತು, ಬಿಟ್ಟರೂ ಮಾತು.

ಶ್ರೀಧರ ಪಕ್ಕದ ಮನೆಯವನು. ಗಂಡ ಕಾಣೆಯಾದ ಅದೇ ವಾರ ಊರು ಬಿಟ್ಟಿದ್ದ. ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದ. ಘಾಟಿಯಲ್ಲಿ ಒಂದು ಮಳೆಯ ರಾತ್ರಿ ಬಸ್ಸು ಉರುಳಿ ಇಬ್ಬರು ಸತ್ತರು. ಕೋರ್ಟು ಬಿಟ್ಟಿತು, ಅವನು ತನ್ನನ್ನು ಬಿಡಲಿಲ್ಲ. ಅಪ್ಪ ತೀರಿದ ಮೇಲೆ ಈಗ ಮನೆಗೆ ಬಂದಿದ್ದಾನೆ. ಕೊಟ್ಟಿಗೆಯ ಪಕ್ಕ ಅಪ್ಪನ ಜೀಪು ಟಾರ್ಪಾಲ್ ಹೊದ್ದು ನಿಂತಿದೆ. ಅವನು ಅದರ ಕೀಲಿ ಮುಟ್ಟುವುದಿಲ್ಲ.

ಗಾಯ ಅಂದರೆ ಪಾತ್ರ ಅಳುವುದಕ್ಕೆ ಕೊಟ್ಟ ಕಾರಣ ಅಂದುಕೊಂಡರೆ ಕಾದಂಬರಿ ಅಲ್ಲೇ ಜೋತುಬೀಳುತ್ತದೆ. ಗಾಯ ದಿನನಿತ್ಯದ ಕೆಲಸಕ್ಕೆ ಅಡ್ಡ ಬರಬೇಕು. ಶ್ರೀಧರ ಜೀಪು ಇಟ್ಟುಕೊಂಡೇ ಬಸ್ಸಿಗೆ ಕಾಯುತ್ತಾನೆ. ಊರವರು ನಗುತ್ತಾರೆ, ಕಾರಣ ಯಾರಿಗೂ ಗೊತ್ತಿಲ್ಲ. ಭಾಗೀರಥಿ ಬಾಗಿಲು ಬಡಿದ ಸದ್ದಿಗೆ ತಕ್ಷಣ ಏಳುವುದಿಲ್ಲ. ಮೊದಲು ಉಸಿರು ಹಿಡಿದು ಕೇಳುತ್ತಾಳೆ. ಓದುಗರಿಗೆ ಇಷ್ಟು ತೋರಿಸಿದರೆ ಸಾಕು. ಹಿನ್ನೆಲೆಯನ್ನು ಮೊದಲ ಅಧ್ಯಾಯದಲ್ಲೇ ಮೂರು ಪುಟ ಸುರಿಯಬೇಡಿ.

ಇನ್ನೊಂದು ಪರೀಕ್ಷೆ. ಕ್ಲೈಮ್ಯಾಕ್ಸ್‌ನಲ್ಲಿ ಪಾತ್ರ ಮಾಡಬೇಕಾದ ಕೆಲಸ ಅದೇ ಗಾಯವನ್ನು ಮುಟ್ಟುತ್ತದೆಯಾ? ಶ್ರೀಧರ ಕೊನೆಗೆ ರಾತ್ರಿ ಮಳೆಯಲ್ಲಿ ಜೀಪು ಓಡಿಸಲೇಬೇಕಾಗುತ್ತದೆ. ಹಾಗಾಗಿಯೇ ಅವನು ಡ್ರೈವರ್, ಮೇಷ್ಟರಲ್ಲ.

ಹೆಜ್ಜೆ 3: ಗುಟ್ಟನ್ನು ನೀವು ಮೊದಲೇ ಬಿಡಿಸಿಟ್ಟುಕೊಳ್ಳಿ

‘ಬರೆಯುತ್ತಾ ಹೋದ ಹಾಗೆ ಗೊತ್ತಾಗುತ್ತೆ’ ಅನ್ನುವುದು ಪ್ರೇಮಕಥೆಗೆ ನಡೆದೀತು. ರಹಸ್ಯಕ್ಕೆ ನಡೆಯುವುದಿಲ್ಲ. ಆ ರಾತ್ರಿ ನಡೆದದ್ದೇನು ಎಂದು ಗಂಟೆಗೆ ಗಂಟೆ ಬರೆದಿಡಿ.

ನಮ್ಮ ಕಥೆಯಲ್ಲಿ ಕೊಂದವನು ಗಂಡನ ಅಣ್ಣ, ಭಾಗೀರಥಿಯ ಭಾವ. ಸಾಗರ ಪೇಟೆಯಲ್ಲಿ ಮನೆ. ತಮ್ಮ ಹೋದ ಮೇಲೆ ಈಕೆಯ ಅಡಿಕೆಯನ್ನು ಮಂಡಿಗೆ ಹಾಕಿ ದುಡ್ಡು ತಂದುಕೊಡುವವನು ಅವನೇ. ಊರಿಗೆಲ್ಲ ಒಳ್ಳೆಯವನು. ಓದುಗರಿಗೂ ಒಳ್ಳೆಯವನಾಗಿಯೇ ಎರಡನೇ ಅಧ್ಯಾಯದಲ್ಲಿ ಕಾಣಿಸಬೇಕು, ಹಲಸಿನ ಹಪ್ಪಳ ಹಿಡಿದುಕೊಂಡು.

ಇಲ್ಲಿ ಕಾನೂನು ಸರಿಯಾಗಿ ಗೊತ್ತಿದ್ದರೆ ಕಥೆಗೆ ಬಲ ಬರುತ್ತದೆ. ಸಹಜವಾಗಿ ಸುದ್ದಿ ತಿಳಿಯಬೇಕಾದವರಿಗೇ ಏಳು ವರ್ಷ ಒಬ್ಬನ ಸುದ್ದಿ ಇಲ್ಲ ಎಂದಾದರೆ, ‘ಬದುಕಿದ್ದಾನೆ’ ಎನ್ನುವವರೇ ಅದನ್ನು ಸಾಬೀತು ಮಾಡಬೇಕು ಎನ್ನುತ್ತಿತ್ತು ಆಗ ಜಾರಿಯಲ್ಲಿದ್ದ ಹಳೆಯ ಸಾಕ್ಷ್ಯ ಕಾಯ್ದೆಯ 108ನೇ ಕಲಂ. ಇದನ್ನು ಹಿಡಿದು ಸಿವಿಲ್ ಕೋರ್ಟಿನಲ್ಲಿ ಸತ್ತಿದ್ದಾನೆ ಎಂಬ ಘೋಷಣೆ ಕೇಳಬಹುದು. ಅದು ಸಿಕ್ಕರೆ ಮರಣ ಪ್ರಮಾಣಪತ್ರ, ಆಮೇಲೆ ಪೋತಿ ಖಾತೆ (ಸತ್ತವನ ಜಮೀನು ವಾರಸುದಾರರ ಹೆಸರಿಗೆ ಆಗುವುದು), ಪಹಣಿಯಲ್ಲಿ ಹೆಂಡತಿಯ ಹೆಸರು. ಇನ್ನೊಂದು ಬಾಗಿಲೂ ಇದೆ. ಹಿಂದೂ ವಿವಾಹ ಕಾಯ್ದೆಯ 13ನೇ ಕಲಮಿನಲ್ಲಿ ಏಳು ವರ್ಷ ಸುದ್ದಿಯಿಲ್ಲದಿರುವುದು ವಿಚ್ಛೇದನಕ್ಕೆ ಒಂದು ಕಾರಣ.

ಎರಡೂ ಏಳೇ ವರ್ಷ. ಆದರೆ ಎರಡರ ಫಲ ಬೇರೆ. ಒಂದರಲ್ಲಿ ಆಕೆ ವಿಧವೆ, ತೋಟಕ್ಕೆ ವಾರಸುದಾರಳು. ಇನ್ನೊಂದರಲ್ಲಿ ವಿಚ್ಛೇದಿತೆ, ಹೆಂಡತಿ ಎಂಬ ಹಕ್ಕೇ ಪ್ರಶ್ನೆಗೆ ಬೀಳುತ್ತದೆ. ಈಗ ಭಾವ ಕಾಫಿ ಕುಡಿಯುತ್ತಾ ಪ್ರೀತಿಯಿಂದ ಹೇಳುತ್ತಾನೆ: ‘ಎಷ್ಟು ದಿನ ಅಂತ ಹಿಂಗೇ ಇರ್ತೀಯೆ ಮಾರಾಯ್ತಿ. ಡೈವೋರ್ಸ್ ತಗ. ಹೊಸ ಬಾಳು ಕಟ್ಟಿಕೊ. ವಕೀಲರ ಖರ್ಚು ನಂದು.’ ಓದುಗರ ಕಣ್ಣಲ್ಲಿ ನೀರು ಬರಬೇಕು, ಎಂಥ ಒಳ್ಳೆಯ ಮನುಷ್ಯ ಅಂತ. ಕಾದಂಬರಿ ಮುಗಿಸಿದವರು ಆ ಪುಟಕ್ಕೆ ತಿರುಗಿ ಬಂದಾಗ ಮೈ ಉರಿಯಬೇಕು. ಸುಳಿವು ಅಂದರೆ ಇಂಥದ್ದು. ಬರೆಯುವ ಮೊದಲು ಒಬ್ಬ ವಕೀಲರ ಹತ್ತಿರ ಕೂತು ನಿಮ್ಮ ಕಥೆಯ ಸಂಗತಿ ಹೇಳಿ ಕೇಳಿಕೊಳ್ಳಿ. ಖುಷಿಯಿಂದ ಹೇಳುತ್ತಾರೆ.

ಕಾಲದ ಬಗ್ಗೆಯೂ ಎಚ್ಚರ. ಭಾರತೀಯ ನ್ಯಾಯ ಸಂಹಿತೆ ಮತ್ತು ಅದರ ಜೊತೆಯ ಎರಡು ಹೊಸ ಕಾಯ್ದೆ ಜಾರಿಗೆ ಬಂದದ್ದು 2024ರ ಜುಲೈ 1ರಿಂದ. 2017ರ ಪಿಎಸ್‌ಐ ಬಾಯಲ್ಲಿ ಅದರ ಕಲಂ ಹೇಳಿಸಿದರೆ ಜಾಣ ಓದುಗ ಪುಸ್ತಕ ಮುಚ್ಚುತ್ತಾನೆ. ಹಾಗೆಯೇ ಮೊಬೈಲ್ ಕಂಪನಿಗಳು ಕರೆ ವಿವರಗಳನ್ನು ಆಗ ಒಂದು ವರ್ಷ ಇಟ್ಟುಕೊಂಡರೆ ಸಾಕಿತ್ತು. 2010ರ ಕರೆಪಟ್ಟಿಯನ್ನು 2017ರಲ್ಲಿ ತರಿಸಿ ಕೊಲೆಗಾರನನ್ನು ಹಿಡಿಯುವ ಯೋಚನೆ ಬಿಟ್ಟುಬಿಡಿ.

ಹೆಜ್ಜೆ 4: ಒಂದೇ ವಿವರ, ಎರಡು ಅರ್ಥ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಓದುತ್ತೇನೆ ಅನ್ನುವವರು ಇದನ್ನೇ ಓದಿ.

ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಒಂದು ಅಧ್ಯಾಯ ಪ್ರೇಮದ್ದು, ಮುಂದಿನದು ಭಯದ್ದು. ಮೂರನೇ ಅಧ್ಯಾಯದಲ್ಲಿ ಕಿಟಕಿಯ ಹೊರಗೆ ನೆರಳು, ನಾಲ್ಕರಲ್ಲಿ ಕಣ್ಣು ಕಣ್ಣು ಕಲೆತವು. ಎರಡು ಕಥೆಗಳು ಒಂದೇ ಪುಸ್ತಕದಲ್ಲಿ ಬಾಡಿಗೆಗೆ ಇದ್ದ ಹಾಗೆ. ಇದರ ಬದಲು, ಅನುಮಾನ ಹುಟ್ಟಿಸುವ ವಸ್ತುವೇ ಮನಸ್ಸನ್ನೂ ಎಳೆಯಬೇಕು.

ಮಲೆನಾಡಿನಲ್ಲಿ ಮಳೆಗಾಲದ ದೊಡ್ಡ ತಾಪತ್ರಯ ಅಬ್ಬಿಯ ಪೈಪು. ಜೋರು ಮಳೆ ಬಂದರೆ ದರಕು (ಉದುರಿದ ಒಣ ಎಲೆ) ಕೊಚ್ಚಿಕೊಂಡು ಬಂದು ಪೈಪಿನ ಬಾಯಿ ಕಟ್ಟುತ್ತದೆ. ಸುತ್ತ ನೀರೋ ನೀರು, ಮನೆಯ ನಲ್ಲಿಯಲ್ಲಿ ಮಾತ್ರ ಇಲ್ಲ. ಯಾರಾದರೂ ಗುಡ್ಡ ಹತ್ತಿ ಬಿಡಿಸಿ ಬರಬೇಕು. ಇದನ್ನು ಹೀಗೆ ಬಳಸಬಹುದು:

ಮೂರನೇ ದಿನವೂ ನಲ್ಲಿಯಲ್ಲಿ ನೀರು ಬಂತು. ಭಾಗೀರಥಿ ಕೊಡ ಇಟ್ಟು ಸುಮ್ಮನೆ ನಿಂತಳು. ರಾತ್ರಿಯಿಡೀ ಮಳೆ ಹೊಡೆದಿತ್ತು. ಇಂಥ ಮಳೆಗೆ ಪೈಪು ಕಟ್ಟದೇ ಇರುವ ಮಾತೇ ಇಲ್ಲ. ಕಂಬಳಿಕೊಪ್ಪೆ ಹಾಕಿಕೊಂಡು ಗುಡ್ಡ ಹತ್ತಿದಳು.

ಅಬ್ಬಿಯ ಹತ್ತಿರ ದರಕನ್ನೆಲ್ಲ ಎಳೆದು ಒಂದು ಪಕ್ಕ ರಾಶಿ ಹಾಕಿತ್ತು. ಪೈಪಿನ ಬಾಯಿಗೆ ಹಳೆಯ ಪಂಚೆಯ ತುಂಡು ಸುತ್ತಿ ಕಟ್ಟಿದ್ದರು. ಕೆಸರಿನಲ್ಲಿ ಚಪ್ಪಲಿಯ ಗುರುತು. ಅದು ತೋಟದ ದಾರಿಯಿಂದ ಬಂದದ್ದಲ್ಲ. ಮೇಲಿನಿಂದ, ಹಳೆಯ ಗಾಡಿದಾರಿಯ ಕಡೆಯಿಂದ. ಆ ದಾರಿಯಲ್ಲಿ ಆರು ವರ್ಷದಿಂದ ಅವಳು ಕಾಲಿಟ್ಟಿರಲಿಲ್ಲ.

ಕೆಳಗೆ ಬರುವಾಗ ಶ್ರೀಧರ ದಣಪೆಯ ಹತ್ತಿರ ನಿಂತಿದ್ದ.

‘ನೀರು ಬಂತಾ?’

‘ನಿಂತಿತ್ತು ಅಂತ ನಿಮಗೆ ಯಾರು ಹೇಳಿದ್ರು?’

ಅವನು ಬಗ್ಗಿ ಕಾಲಿಗೆ ಕಚ್ಚಿದ್ದ ಉಂಬಳ ಕಿತ್ತು ಬೇಲಿಯಾಚೆ ಎಸೆದ. ‘ಮಳೆ ಜೋರಿತ್ತಲ್ಲ’ ಅಂದ. ಅವಳ ಮುಖ ನೋಡಲಿಲ್ಲ.

ಅವತ್ತು ರಾತ್ರಿ ಅವಳು ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿ, ಅದರ ಹಿಂದೆ ಒನಕೆಯನ್ನೂ ಆನಿಸಿಟ್ಟಳು. ಬೆಳಿಗ್ಗೆ ಎದ್ದವಳು ಮೊದಲು ನಲ್ಲಿ ತಿರುಗಿಸಿ ನೋಡಿದಳು.

ಇಲ್ಲಿ ಪ್ರೀತಿ ಎಂಬ ಮಾತಿಲ್ಲ, ಭಯ ಎಂಬ ಮಾತೂ ಇಲ್ಲ. ಒಬ್ಬ ಗಂಡಸು ಯಾರಿಗೂ ಹೇಳದೆ ಈಕೆಗಾಗಿ ನಸುಕಿನಲ್ಲಿ ಗುಡ್ಡ ಹತ್ತುತ್ತಾನೆ. ಅದೇ ಗಂಡಸು ಈಕೆಯ ಗಂಡ ಕಡೆಯದಾಗಿ ಹೋದ ದಾರಿಯಲ್ಲಿ ಕತ್ತಲಲ್ಲಿ ಓಡಾಡುತ್ತಾನೆ. ಅಗುಳಿ, ಒನಕೆ ಒಂದು ಕಡೆ. ನಲ್ಲಿ ತಿರುಗಿಸುವುದು ಇನ್ನೊಂದು ಕಡೆ. ನಲ್ಲಿಯಲ್ಲಿ ನೀರು ಬಾರದ ದಿನ ಅವಳಿಗೆ ಗಾಬರಿಯಾಗಬೇಕು, ಮತ್ತು ಗಾಬರಿ ಆದದ್ದಕ್ಕೆ ತನ್ನ ಮೇಲೇ ಸಿಟ್ಟು ಬರಬೇಕು. ಅದು ಇನ್ನೊಂದು ಅಧ್ಯಾಯ.

ಇಂಥ ಆರೇಳು ವಿವರಗಳನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಎದುರುಮನೆಯಲ್ಲಿ ಉರಿಯುವ ದೀಪ. ಅಪ್ಪನ ಜೀಪಿನ ಸೀಟಿನ ಕೆಳಗಿರುವ ಯಾರದ್ದೋ ಟಾರ್ಚು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನ, ಮೈತುತ್ತದ ನೀಲಿ ಬಣ್ಣ ಇಬ್ಬರ ಕೈಗೂ ಹತ್ತಿರುವುದು. ಪ್ರತಿಯೊಂದಕ್ಕೂ ಕೇಳಿಕೊಳ್ಳಿ: ನಂಬುವವಳಿಗೆ ಇದು ಏನಾಗಿ ಕಾಣುತ್ತದೆ? ನಂಬದವಳಿಗೆ ಏನಾಗಿ ಕಾಣುತ್ತದೆ? ಒಂದೇ ಉತ್ತರ ಬಂದರೆ ಆ ವಿವರ ಬಿಡಿ.

ಹೆಜ್ಜೆ 5: ಯಾರ ಕಣ್ಣು

ನಲವತ್ತು ಅಧ್ಯಾಯ, ಒಂದೊಂದೂ ಸುಮಾರು 1500 ಪದ ಅಂದುಕೊಳ್ಳಿ. ಒಟ್ಟು 60 ಸಾವಿರ. ಈ ಕಥೆಗೆ ಅಷ್ಟು ಸಾಕು.

ಮೊದಲ ಹನ್ನೆರಡು ಅಧ್ಯಾಯ ಪೂರ್ತಿ ಭಾಗೀರಥಿಯ ಕಣ್ಣಿನಿಂದಲೇ ಹೋಗಲಿ ಅನ್ನುವುದು ನನ್ನ ಸಲಹೆ. ಒಂದು ಬಿಟ್ಟು ಒಂದು ಅಧ್ಯಾಯ ಅವನಿಗೆ ಕೊಡುವ ರೂಢಿ ಈಗ ಜಾಸ್ತಿ. ಅದರಲ್ಲಿ ಒಂದು ಮೋಸ ನುಸುಳುತ್ತದೆ. ಅವನ ತಲೆಯೊಳಗೆ ಕೂತಿದ್ದೂ, ಅವನಿಗೆ ಗೊತ್ತಿರುವ ಗುಟ್ಟನ್ನು ಓದುಗರಿಗೆ ಹೇಳದೆ ‘ಆ ರಾತ್ರಿಯ ನೆನಪು ಅವನನ್ನು ಕಾಡಿತು’ ಅಂತ ತೇಲಿಸಬೇಕಾಗುತ್ತದೆ. ಓದುಗರಿಗೆ ಇದು ಥಟ್ ಅಂತ ಗೊತ್ತಾಗುತ್ತದೆ.

ಹದಿಮೂರನೇ ಅಧ್ಯಾಯದಲ್ಲಿ ಅವನ ಒಳಗೆ ಹೋದಾಗ ಅವನಿಗೆ ಗೊತ್ತಿರುವುದನ್ನು ಪೂರ್ತಿ ಹೇಳಿಬಿಡಿ. ಆ ರಾತ್ರಿ ಶ್ರೀಧರನ ಅಪ್ಪ ನೋಡಿದ್ದರು. ಯಾರೋ ಒಬ್ಬ ಗಾಡಿದಾರಿಯಲ್ಲಿ ಬೈಕನ್ನು ತಳ್ಳಿಕೊಂಡು ನೀರಿನ ಕಡೆ ಹೋಗುತ್ತಿದ್ದ. ಮುಖ ಕಾಣಲಿಲ್ಲ. ಆದರೆ ಎರಡು ಮನೆಗೂ ಗಡಿಯ ಜಗಳ ಇತ್ತು, ಹದ್ದುಬಸ್ತಿಗೆ ಅರ್ಜಿ ಹಾಕಿ ಸರ್ವೆಯವರು ಬಂದು ಹೋಗಿದ್ದರು. ಬಾಯಿ ಬಿಟ್ಟರೆ ಅನುಮಾನ ತಮ್ಮ ಮೇಲೇ ಬರುತ್ತದೆ ಅಂತ ಅಪ್ಪ ಸುಮ್ಮನಾದರು, ಮಗನನ್ನು ಊರಿನಿಂದ ಸಾಗಹಾಕಿದರು. ಅಂದರೆ, ಈ ಹೆಂಗಸು ಆರು ವರ್ಷ ಸತ್ತವನಿಗೆ ಕಾಯುತ್ತಿದ್ದಾಳೆ ಎಂದು ಪಕ್ಕದ ಮನೆಗೆ ಗೊತ್ತಿತ್ತು.

ಗುಟ್ಟು ಹೇಳಿಬಿಟ್ಟರೆ ಕುತೂಹಲ ಹೋಗುವುದಿಲ್ಲವೇ? ಇಲ್ಲ, ದುಪ್ಪಟ್ಟಾಗುತ್ತದೆ. ಇನ್ನು ಮೇಲೆ ಅವಳು ಅವನನ್ನು ನೋಡಿ ನಕ್ಕಾಗಲೆಲ್ಲ ಓದುಗರ ಎದೆ ಧಸಕ್ ಅನ್ನುತ್ತದೆ. ಯಾವಾಗ ಗೊತ್ತಾಗುತ್ತೋ, ಗೊತ್ತಾದರೆ ಏನಾಗುತ್ತೋ.

ಹೆಜ್ಜೆ 6: ಹತ್ತಿರವಾಗುವ ಲೆಕ್ಕ

ನಿಧಾನ ಅಂದರೆ ಏನೂ ಆಗದೇ ಇರುವುದಲ್ಲ. ಪ್ರತಿ ಅಧ್ಯಾಯದಲ್ಲೂ ಇಬ್ಬರ ನಡುವಿನ ದೂರ ಒಂದು ಗೇಣಾದರೂ ಬದಲಾಗಬೇಕು. ಕಮ್ಮಿಯಾದರೂ ಸರಿ, ಜಾಸ್ತಿಯಾದರೂ ಸರಿ.

ದೇಹಕ್ಕಿಂತ ಮೊದಲು ಮನೆಯ ಲೆಕ್ಕ ಹಾಕಿ. ಮೊದಲು ದಣಪೆಯ ಆಚೆ ಈಚೆ ನಿಂತು ಮಾತು. ಆಮೇಲೆ ಅಂಗಳ. ಆಮೇಲೆ ಜಗಲಿ. ಜಗಲಿಯಲ್ಲಿ ಕೂತವನಿಗೆ ಒಳಗಿನಿಂದ ಕಾಫಿ ಬರುವುದು ಒಂದು ಹಂತ, ಅಡುಗೆಮನೆಯ ಬಾಗಿಲಲ್ಲಿ ನಿಂತು ಲೋಟ ಇಸಿದುಕೊಳ್ಳುವುದು ಇನ್ನೊಂದು. ಹಳ್ಳಿಯ ಓದುಗರಿಗೆ ಈ ದೂರಗಳು ಚೆನ್ನಾಗಿ ಗೊತ್ತು. ಒಂಟಿ ಹೆಂಗಸಿನ ಮನೆಯ ಅಡುಗೆಮನೆಯವರೆಗೆ ಪರಗಂಡಸು ಬಂದ ಅಂದರೆ ಅದು ಮುತ್ತಿಗಿಂತ ದೊಡ್ಡ ಸುದ್ದಿ.

ಮೊದಲ ಸ್ಪರ್ಶ ಹದಿನೆಂಟನೇ ಅಧ್ಯಾಯಕ್ಕಿಂತ ಮುಂಚೆ ಬೇಡ. ಅದೂ ಬೇರೆ ಕೆಲಸದ ನೆಪದಲ್ಲಿ ಆಗಲಿ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಅವಳ ಬೆರಳು ಕೊಯ್ದಿದೆ, ಅವನು ಬಟ್ಟೆ ಸುತ್ತುತ್ತಾನೆ. ಸುತ್ತುವಾಗ ಅವನ ಕೈ ನಡುಗುತ್ತದೆ. ರಕ್ತ ನೋಡಿ. ಘಾಟಿಯ ಬಸ್ಸು ಅವನಿಗೆ ನೆನಪಾಗಿದೆ. ಅವಳಿಗೆ ಅದು ಗೊತ್ತಿಲ್ಲ, ಬೇರೇನೋ ಅಂದುಕೊಳ್ಳುತ್ತಾಳೆ. ಎರಡು ಗಾಯ ಒಂದೇ ಬಟ್ಟೆಯಲ್ಲಿ.

ಮುಂದಕ್ಕೆ ಎಷ್ಟು ಬಿಚ್ಚಿ ಬರೆಯಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಹೆಜ್ಜೆ 7: ಮಾತು

ಇವರಿಬ್ಬರೂ ಮನಸ್ಸು ಬಿಚ್ಚಿ ಮಾತಾಡುವವರಲ್ಲ. ಹಾಗಾಗಿ ಸಂಭಾಷಣೆ ಯಾವಾಗಲೂ ಬೇರೆ ವಿಷಯದ ಮೇಲಿರಲಿ. ಮಳೆ, ಕೊಳೆ, ಕರೆಂಟು, ಅಡಿಕೆ ಕೊಯ್ಯುವ ಕೊನೆಗೌಡ ಯಾವಾಗ ಬರ್ತಾನೆ, ಮಂಗನ ಕಾಟ. ‘ನಾಳೆ ಸಾಗರಕ್ಕೆ ಹೋಗ್ತೀರನ?’ ಅಂತ ಕೇಳುವುದರ ಒಳಗೆ ‘ಹೋಗಬೇಡಿ’ ಇರಬಹುದು, ‘ನೀವು ಹೋದ ಮೇಲೆ ನಿಮ್ಮ ಮನೆ ಹೊಕ್ಕು ನೋಡಬೇಕು’ ಅಂತಲೂ ಇರಬಹುದು.

ಹೆಸರು ಕರೆಯುವುದನ್ನು ಕೊನೆಯವರೆಗೆ ಕಾದಿಡಿ. ಶುರುವಿಗೆ ಬೇಲಿಯಾಚೆಯಿಂದ ‘ಹೋಯ್’ ಅಷ್ಟೇ. ಅವನು ಆಕೆಯನ್ನು ಬಹುವಚನದಲ್ಲೇ ಮಾತಾಡಿಸುತ್ತಾನೆ, ಊರವರೆದುರು ಇನ್ನೂ ಬಿಗಿಯಾಗಿ. ಪ್ರದೇಶದ ಭಾಷೆಯನ್ನು ಸಂಭಾಷಣೆಯಲ್ಲಿ ಮಾತ್ರ ಹದವಾಗಿ ಹಾಕಿ. ಸಾಗರದ ಕಡೆ ಹವ್ಯಕರ ಮನೆಮಾತು ಬೇರೆ, ದೀವರ ಮಾತು ಬೇರೆ. ಗೊತ್ತಿಲ್ಲದೆ ಕಲಸಿದರೆ ಆ ಊರಿನವರು ನಗುತ್ತಾರೆ.

ಹೆಜ್ಜೆ 8: ನಡುವೆ ಒಂದು ದೊಡ್ಡ ತಿರುವು, ಸರ್ಕಾರಿ ಕಾಗದದ ಜೊತೆ

2017ರ ಮೇ. ನೀರು ಇಳಿದಿದೆ. ಮೀನು ಹಿಡಿಯಲು ಹೋದ ಹುಡುಗರಿಗೆ ಕೆಸರಿನಲ್ಲಿ ಬೈಕಿನ ಹ್ಯಾಂಡಲ್ ಕಾಣುತ್ತದೆ. ಕೋರ್ಟಿಗೆ ಹಾಕಬೇಕಾದ ಅರ್ಜಿ ತಯಾರಾಗಿದೆ, ಏಳು ವರ್ಷ ತುಂಬಲು ಎರಡೇ ತಿಂಗಳು. ಇನ್ನೇನು ಕಾಗದದಲ್ಲಿ ಮುಗಿಯಲಿದ್ದ ವಿಷಯ ಪೊಲೀಸ್ ಕೇಸಾಗುತ್ತದೆ.

ಈ ದೃಶ್ಯವನ್ನು ಅವಸರದಲ್ಲಿ ಮುಗಿಸಬೇಡಿ. ಪೊಲೀಸರು ಬಂದರೆ ಸ್ಥಳ ಮಹಜರು ಆಗಬೇಕು, ಅದಕ್ಕೆ ಪಂಚರು, ಅಂದರೆ ಸಾಕ್ಷಿಗಳು, ಬೇಕು. ‘ಯಾರ್ರೀ ಇಲ್ಲಿ ಓದು ಬರಹ ಬರೋರು?’ ಅಂತ ಪಿಎಸ್‌ಐ ಕೇಳಿದಾಗ ಜನ ಶ್ರೀಧರನನ್ನು ಮುಂದೆ ತಳ್ಳುತ್ತಾರೆ. ಕೆಎ-15 ನಂಬರ್ ಪ್ಲೇಟು ತುಕ್ಕು ತಿಂದು ಹೋಗಿದೆ, ಚಾಸಿ ನಂಬರನ್ನು ಕೆಸರು ಒರೆಸಿ ಓದುತ್ತಾರೆ. ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಹೇಳಿ ಬರೆಸುತ್ತಾರೆ. ಕೆಳಗೆ ಅವನು ಸಹಿ ಹಾಕಬೇಕು. ತನಗೆ ಏಳು ವರ್ಷದಿಂದ ಗೊತ್ತಿದ್ದ ಸಂಗತಿಯನ್ನು ‘ನನ್ನ ಸಮಕ್ಷಮ ಪತ್ತೆಯಾಯಿತು’ ಅಂತ ಒಪ್ಪಿ ಸಹಿ. ಅವಳು ದಡದಲ್ಲಿ ನಿಂತು ನೋಡುತ್ತಿದ್ದಾಳೆ. ಬೈಕನ್ನಲ್ಲ, ಪೆನ್ನು ಹಿಡಿದ ಅವನ ಕೈಯನ್ನು. ಆ ಕೈ ಮತ್ತೆ ನಡುಗುತ್ತಿದೆ. ಅವತ್ತು ಬೆರಳಿಗೆ ಬಟ್ಟೆ ಸುತ್ತುವಾಗ ನಡುಗಿದ್ದು ಬೇರೆ ಕಾರಣಕ್ಕಿರಬಹುದು ಎಂದು ಅವಳಿಗೆ ಮೊದಲ ಸಲ ಹೊಳೆಯಬೇಕು.

ಇಲ್ಲಿಂದ ಮೂವತ್ತನೇ ಅಧ್ಯಾಯದ ಹೊತ್ತಿಗೆ ಅವಳಿಗೆ ಸತ್ಯ ಗೊತ್ತಾಗಲಿ. ಅವನ ಬಾಯಿಂದಲೇ ಗೊತ್ತಾಗಲಿ, ಕದ್ದು ಕೇಳಿಸಿಕೊಂಡಲ್ಲ. ಸುಮ್ಮನೆ ಒಂದು ತಪ್ಪು ತಿಳಿವಳಿಕೆ ಹುಟ್ಟಿಸಿ ಇಬ್ಬರನ್ನು ದೂರ ಮಾಡುವುದು ಸೋಮಾರಿತನ. ಇವರ ನಡುವೆ ನಿಜವಾದ ಅನ್ಯಾಯ ಇದೆ. ಅವಳು ಸಿಟ್ಟಾಗಲು ಪೂರ್ತಿ ಕಾರಣ ಇದೆ. ಐದಾರು ಅಧ್ಯಾಯ ಸಿಟ್ಟಾಗಿಯೇ ಇರಲಿ.

ಹೆಜ್ಜೆ 9: ಸುಳಿವುಗಳನ್ನು ಕೆಲಸದ ನಡುವೆ ಹುದುಗಿಸಿ

ಡೈವೋರ್ಸ್ ಮಾತು ಒಂದು ಸುಳಿವಾಯಿತು. ಎರಡನೆಯದು ಮಂಡಿಯ ಪಟ್ಟಿ. ಇವಳು ಚೀಲ ಎಣಿಸಿ ಕಳಿಸಿದ ರಾಶಿ ಅಡಿಕೆಗೂ, ಭಾವ ತಂದುಕೊಡುವ ಪಟ್ಟಿಯ ತೂಕಕ್ಕೂ ಕೊಂಚ ವ್ಯತ್ಯಾಸ. ‘ಒಣಗಿಲ್ಲ, ತೂಕ ಹೊಡೆದ್ರು’ ಅನ್ನುತ್ತಾನೆ. ಯಾರಾದರೂ ನಂಬುವ ಮಾತೇ. ಮೂರನೆಯದು ನನಗೆ ಬಹಳ ಇಷ್ಟ. ಭಾವ ಬಂದಾಗಲೆಲ್ಲ ಕೇಳುತ್ತಾನೆ, ‘ನೀರು ಎಲ್ಲಿಗೆ ಇಳೀತು?’ ಹಿನ್ನೀರಿನ ಊರಲ್ಲಿ ಬೇಸಿಗೆಯಲ್ಲಿ ಎಲ್ಲರೂ ಕೇಳುವ ಮಾತಿದು, ಯಾರೂ ಗಮನಿಸುವುದಿಲ್ಲ. ಆದರೆ ಅವನು ಜನವರಿಯಲ್ಲೇ ಕೇಳಲು ಶುರುಮಾಡಿದ್ದ. ಕೊನೆಯಲ್ಲಿ ಭಾಗೀರಥಿಗೆ ಹೊಳೆಯಬೇಕಾದದ್ದು ಇದು, ಮತ್ತು ಅವಳಿಗೇ ಹೊಳೆಯಬೇಕು. ಪಿಎಸ್‌ಐಗೂ ಅಲ್ಲ, ಶ್ರೀಧರನಿಗೂ ಅಲ್ಲ.

ಕ್ಲೈಮ್ಯಾಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊನೆಯ ಲಾಂಚ್ ಹೋಗಿದೆ, ಭಾವ ಈಚೆ ದಡದಲ್ಲೇ ಉಳಿದಿದ್ದಾನೆ. ಅವಳ ತಲೆಗೆ ಪೆಟ್ಟಾಗಿದೆ, ಜೀಪು ಇದೆ, ಮಳೆ ಇದೆ. ಅವಳನ್ನು ಅವನು ಎತ್ತಿಕೊಂಡು ಓಡುವ ದೃಶ್ಯ ಬರೆಯಬೇಡಿ. ಅವಳು ಪಕ್ಕದ ಸೀಟಿನಲ್ಲಿ ಎಚ್ಚರವಾಗಿ ಕೂತು ತಿರುವು ತಿರುವಿಗೂ ದಾರಿ ಹೇಳಬೇಕು. ಏಳು ವರ್ಷ ಗಂಡನನ್ನು ಹುಡುಕಿ ಆ ಕಾಡುದಾರಿಯನ್ನೆಲ್ಲ ಸುತ್ತಿದವಳು ಅವಳೇ ಅಲ್ವಾ? ಅವಳ ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ‘ಎಡಕ್ಕೆ’ ಅಂದಾಗ ಅವನು ಎಡಕ್ಕೆ ತಿರುಗಿಸುತ್ತಾನೆ, ಕತ್ತಲಲ್ಲಿ, ಪ್ರಶ್ನೆ ಕೇಳದೆ.

ಹೆಜ್ಜೆ 10: ತಿದ್ದುವುದು, ಕಂತು ಹಾಕುವುದು

ಒಂದು ಕರಡು ಮುಗಿದ ಮೇಲೆ ದಿನಾಂಕಗಳ ಪಟ್ಟಿ ಮಾಡಿ. ಯಾವ ಅಧ್ಯಾಯ ಯಾವ ತಿಂಗಳು, ತೋಟದಲ್ಲಿ ಆಗ ಏನು ಕೆಲಸ. ಮಳೆಗಾಲದಲ್ಲಿ ಕೊಳೆ ಔಷಧಿ, ದೀಪಾವಳಿಯ ಆಚೀಚೆ ಕೊಯ್ಲು, ಆಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಮೇ ತಿಂಗಳಲ್ಲಿ ಅಡಿಕೆ ಸುಲಿಸಿಬಿಟ್ಟರೆ ಮಲೆನಾಡಿನ ಓದುಗರು ಅಲ್ಲೇ ಹಿಡಿಯುತ್ತಾರೆ. ಹುಣ್ಣಿಮೆ ಅಮಾವಾಸ್ಯೆಯನ್ನೂ ಆ ವರ್ಷದ ಪಂಚಾಂಗದಲ್ಲಿ ನೋಡಿಕೊಳ್ಳಿ, ಕತ್ತಲಿನ ದೃಶ್ಯ ಜಾಸ್ತಿ ಇವೆ.

ಆಮೇಲೆ ಎರಡು ಬಣ್ಣದ ಪೆನ್ನು ತಗೊಳ್ಳಿ. ಓದುತ್ತಾ, ಇಬ್ಬರೂ ಹತ್ತಿರವಾದ ಸಾಲಿಗೆ ಒಂದು ಬಣ್ಣ, ಅನುಮಾನದ ಸಾಲಿಗೆ ಇನ್ನೊಂದು. ಒಂದೇ ಬಣ್ಣದಲ್ಲಿ ಮೂರು ಅಧ್ಯಾಯ ಸತತವಾಗಿ ಹೋದರೆ ಅಲ್ಲಿ ಹೆಜ್ಜೆ 4ಕ್ಕೆ ವಾಪಸ್ ಬನ್ನಿ.

ವಾರಪತ್ರಿಕೆಯ ಧಾರಾವಾಹಿಗೆ ಕಳಿಸುವುದಾದರೆ ಪೂರ್ತಿ ಬರೆದೇ ಕಳಿಸಿ. ಪ್ರತಿಲಿಪಿಯಂಥ ಆ್ಯಪ್‌ನಲ್ಲಿ ಕಂತುಕಂತಾಗಿ ಹಾಕುವುದಾದರೂ, ಕನಿಷ್ಠ ಮೂವತ್ತು ಅಧ್ಯಾಯ ಕೈಯಲ್ಲಿ ಇಟ್ಟುಕೊಂಡು ಶುರುಮಾಡಿ. ಕಾಮೆಂಟಿನಲ್ಲಿ ಓದುಗರು ‘ಇಬ್ಬರನ್ನೂ ಬೇಗ ಒಂದು ಮಾಡಿ ಮೇಡಂ’ ಅಂತ ಐದನೇ ಕಂತಿಗೇ ಗೋಗರೆಯುತ್ತಾರೆ. ಪ್ರೀತಿಯಿಂದ ಉತ್ತರ ಕೊಡಿ, ಕಥೆ ಮಾತ್ರ ಬದಲಿಸಬೇಡಿ. ಇಪ್ಪತ್ತನೇ ಕಂತಿನ ಹೊತ್ತಿಗೆ ಯಾರಾದರೂ ‘ಆ ಭಾವನ ಮೇಲೆ ನಂಗೆ ಡೌಟು’ ಅಂದರೆ, ಸುಳಿವು ಸರಿಯಾದ ಜಾಗದಲ್ಲಿ ಬಿದ್ದಿದೆ ಅಂತ ಅರ್ಥ. ಹೆದರಿ ಕೊಲೆಗಾರನನ್ನು ಬದಲಾಯಿಸಲು ಹೋಗಬೇಡಿ.